ತಂತಿಯ ಎತ್ತರ

ಜನಕಪುರಿ ಮಾರ್ಕೆಟ್ಟಿನ ಹಾರ್ಡ್‌ವೇರ್ ಅಂಗಡಿಗೆ ಪೊನ್ನಣ್ಣ ಆ ಭಾನುವಾರ ಮೂರನೆಯ ಸಲ ಹೋಗಿ ಬಂದ. ಮೊದಲ ಸಲ ತಂದ, ಗಿಟಾರಿನ ಕತ್ತಿನೊಳಗಿನ ಸರಳು ತಿರುಗಿಸುವ ಅಲೆನ್ ಕೀ ಒಂದು ಕೂದಲಷ್ಟು ದಪ್ಪ ಹೆಚ್ಚಾಯಿತು. ಎರಡನೆಯ ಸಲ ಅದನ್ನು ಬದಲಾಯಿಸಿಕೊಂಡು, ಜೊತೆಗೊಂದು ಸ್ಟೀಲ್ ಸ್ಕೇಲು ತಂದ. ಈಗ ಕೈಯಲ್ಲಿ ಮತ್ತೆರಡು ಪೊಟ್ಟಣ. ಚಪ್ಪಲಿ ಬಿಡುವ ವ್ಯವಧಾನವೂ ಇಲ್ಲದೆ ನೆಟ್ಟಗೆ ಬಾಲ್ಕನಿಗೆ ನಡೆದ.

"ಈಗೇನು, ಪೊನ್ನು?" ಲಾವಣ್ಯಾ ಹಿಂದೆಯೇ ಬಂದಳು. ಅವನು ಕೊಡಗಿನವನು, ಅವಳು ಹಾಸನದವಳು. ಕಟ್ಟಿಕೊಂಡ ಗಂಡನನ್ನು ಅಣ್ಣ ಎನ್ನುವುದು ಹೇಗೆಂದು ಮದುವೆಯಾದ ದಿನವೇ ಅವನ ಹೆಸರನ್ನು ಅರ್ಧಕ್ಕೆ ತುಂಡು ಮಾಡಿದ್ದಳು.

"ಫೀಲರ್ ಗೇಜ್." ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಲೆಗಳನ್ನು ತೋರಿಸಿದ. "ಸ್ಕೂಟರ್ ಮೆಕ್ಯಾನಿಕ್‌ಗಳು ಇಟ್ಕೊಳ್ಳೋದು. ತಂತಿ ಕೆಳಗೆ ಎಷ್ಟು ಸಂದು ಇದೆ ಅಂತ ಕರೆಕ್ಟಾಗಿ ಹೇಳುತ್ತೆ. ಇನ್ನೊಂದು ಅರ. ಕತ್ತಿನ ತುದೀಲಿ ತಂತಿ ಕೂರೋ ಗೀರು ತೀಡೋಕೆ. ಅಂಗಡಿ ಭಯ್ಯಾ ಹತ್ತು ತೋರಿಸಿದ, ಇದ್ದದ್ದರಲ್ಲಿ ತೆಳ್ಳಗಿರೋದು ಆರಿಸಿದೆ."

"ನಿನ್ನೆಯಿಂದ ತಂತಿ ಇಳಿಸ್ತಾನೇ ಇದೀಯ. ರಿಪೇರಿ ಮಾಡೋರಿಗೆ ಕೊಟ್ಟಿದ್ರೆ ಆಗ್ತಿತ್ತು."

"ಅವನು ಒಂದು ವಾರ ಅಂತಾನೆ. ನನಗೆ ನಾಳೆ ಬೋರ್ಡ್."

ಬೋರ್ಡ್ ಎಂದರೆ ಸೇನಾ ಆಸ್ಪತ್ರೆಯ ವೈದ್ಯರ ಮಂಡಳಿ. ಹಿಮದ ಪೋಸ್ಟ್‌ನಲ್ಲಿ ಎಡಗೈಯ ತೋರುಬೆರಳು, ನಡುಬೆರಳು ಮರಗಟ್ಟಿ ಕೆಳಗಿಳಿದು ಬಂದ ಕ್ಯಾಪ್ಟನ್ ಪೊನ್ನಣ್ಣನನ್ನು ಮತ್ತೆ ಅವನ ತುಕಡಿಗೆ ಕಳಿಸಬೇಕೋ, ದಿಲ್ಲಿಯಲ್ಲೇ ಒಂದು ಮೇಜಿನ ಹಿಂದೆ ಕೂರಿಸಬೇಕೋ ಎಂದು ನಾಳೆ ಅವರು ತೀರ್ಮಾನಿಸುವವರಿದ್ದರು. ಮೇಜೆಂದರೆ ಅವನಿಗೆ ಮೈಯೆಲ್ಲ ಉರಿ. ಬೆರಳಿಗೆ ಸ್ಪರ್ಶ ಪೂರ್ತಿ ಬಂದಿದೆ ಎಂದು ಹೆಂಡತಿಗೆ ಹೇಳಿದ್ದ, ಫೋನ್ ಮಾಡಿ ಅವ್ವನಿಗೂ ಹೇಳಿದ್ದ. ಗಿಟಾರ್ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ ಸ್ವರಗಳೆಲ್ಲ ಈಗ ಝರ್ರೆಂದು ಒಡೆಯುತ್ತಿದ್ದವು.

"ಗುಂಡು ಗುರಿ ತಪ್ಪಿದ್ರೆ ನಾವು ಮೊದಲು ಜವಾನನ್ನ ಬೈಯಲ್ಲ, ರೈಫಲ್ ಸೈಟ್ ಸರಿ ಮಾಡ್ತೀವಿ," ಎಂದ. "ನಾನಿಲ್ಲದೆ ಎಂಟು ತಿಂಗಳು ಈ ಡೆಲ್ಲಿ ಸೆಕೇಲಿ ಒಣಗಿದೆ. ಕತ್ತು ಬಾಗಿದೆ, ಅಷ್ಟೇ."

ಲಾವಣ್ಯಾಗೆ ರೇಗಿತು. ಪಾಪ ಅಂತಲೂ ಅನ್ನಿಸಿತು. ಅವನು ನೆಲದ ಮೇಲೆ ಕೂತು ಗೇಜಿನ ಒಂದು ಎಲೆ ತೂರಿಸಿದ, ತೆಗೆದ, ಇನ್ನೊಂದು ತೂರಿಸಿದ. ಎದ್ದು ಕಂಬಿ ಹಿಡಿದು ಕೆಳಗಿನ ಪಾರ್ಕು ನೋಡಿದ. ಮತ್ತೆ ಕೂತು ಅರದಿಂದ ತೀಡಿ, ಬಾರಿಸಿ, ತಲೆ ಕೊಡವಿದ. ಅವನ ಚಡಪಡಿಕೆ ಅವಳಿಗೂ ಅಂಟಿ, ಆಗಲೇ ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಇನ್ನೊಮ್ಮೆ ಮಡಚತೊಡಗಿದಳು.

"ಬೋರ್ಡ್‌ನಲ್ಲಿ ಗಿಟಾರ್ ಬಾರಿಸು ಅನ್ನಲ್ಲ ಪೊನ್ನು. ಮೇಜಿನ ಹಿಂದೆ ಕೂತ್ರೆ ಏನಾಗುತ್ತೆ ಈಗ? ನನಗಂತೂ ಖುಷಿ."

"ನಿನಗೆ ಖುಷಿ." ಅವನು ತಲೆ ಎತ್ತಲಿಲ್ಲ. "ಇದು ಮೊದಲಿನ ಥರ ನುಡಿದ್ರೆ ಕೈ ಸರಿ ಇದೆ ಅಂತ. ಒಂದು ಸಲ ನುಡೀಲಿ ಸಾಕು. ನಾಳೆ ಅವರ ಮುಂದೆ ಎದೆ ಸೆಟೆಸಿ ನಿಲ್ತೀನಿ."

ಅವಳು ಚಹಾ ಮಾಡಲು ಒಳಗೆ ಹೋದಳು.

ಕಪ್ಪು ಹಿಡಿದು ವಾಪಸು ಬಂದಾಗ ಅವನು ಅರವನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. "ನೋಡಿಲ್ಲಿ, ಹೊಸದಕ್ಕೇ ತುಕ್ಕು. ಕೆಂಪಗೆ ಅಂಟಿಕೊಂಡಿದೆ. ಹಳೇ ಮಾಲು ದಾಟಿಸಿದಾನೆ ಭಯ್ಯಾ. ತಡಿ, ಬದಲಾಯಿಸ್ಕೊಂಡು ಬಂದೆ."

ಲಾವಣ್ಯಾ ಕಪ್ಪು ಕೆಳಗಿಟ್ಟಳು. ಗಿಟಾರಿನ ಕತ್ತಿನ ಮೇಲೂ ಅದೇ ಕೆಂಪು, ಮೂರು ತಂತಿಗಳುದ್ದಕ್ಕೂ, ಇನ್ನೂ ಹಸಿಯಾಗಿತ್ತು. ಅವಳು ಅವನ ಎಡಗೈ ಹಿಡಿದು ಮೇಲೆತ್ತಿದಳು. ತೋರುಬೆರಳಿನ ತುದಿ ಅಡ್ಡಕ್ಕೆ ಸೀಳಿಹೋಗಿತ್ತು. ರಕ್ತ ಜಿನುಗುತ್ತಲೇ ಇತ್ತು.

ಪೊನ್ನಣ್ಣ ಆ ಬೆರಳನ್ನು ತಿರುಗಿಸಿ ನೋಡಿದ.

"ಇದು ಯಾವಾಗ ಆಯ್ತು?" ಎಂದು ಅವಳನ್ನೇ ಕೇಳಿದ.