ಏಳನೇ ನಂಬರಿನ ಹಾಡು

ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದ ಹಾಡುಗಳಿಗೆ ಹೆಸರು ಮುಚ್ಚಿ, ಬರೀ ನಂಬರು ಕೊಟ್ಟು ತಿದ್ದಿಸುವುದು ಆ ಸಂಗೀತ ಸಭೆಯ ಪದ್ಧತಿ. ಏಳನೇ ನಂಬರು ಕೇಳುತ್ತಲೇ ಮೇಷ್ಟ್ರು ಸಿಡಿಮಿಡಿಗೊಂಡರು.

"ಎಂಥಾ ಕಂಠ ಈಯಮ್ಮಂದು. ಚರಣದ ಮಧ್ಯ ಯಾವನೋ ಒಳಗಿಂದ 'ಕಾಫಿ ತರೋಕೆ ಎಷ್ಟೊತ್ತೇ' ಅಂತ ಅರಚ್ತಾನಲ್ರೀ. ಪಾಪ, ಅವಳು ಅಲ್ಲಿಗೇ ನಿಲ್ಲಿಸಿಬಿಟ್ಟಿದಾಳೆ."

"ಏನಂತ ಬರೀಲಿ ಸಾರ್?" ಕಾರ್ಯದರ್ಶಿ ಕೇಳಿದರು.

"ಹಾಡಲ್ಲಿ ತಿದ್ದೋದೇನಿಲ್ಲ. ಮೊದಲು ಆ ಒರಟನ್ನ ಆಚೆ ಅಟ್ಟಿ, ಬಾಗಿಲು ಹಾಕ್ಕೊಂಡು ಹಾಡಿ ಅಂತ ಬರೀರಿ. ಈಗಲೇ ಕಳಿಸಿ."

ಸಿಟ್ಟು ಇಳಿಯದೆಯೇ ಅವರು ಮನೆ ಸೇರಿದರು. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

"ಬಾಗಿಲು ತೆಗೆಯೋಕೆ ಎಷ್ಟೊತ್ತೇ?" ಎಂದು ಅರಚಿದರು.

ಒಳಗೆ ಹೆಂಡತಿ ಅದೇ ಚರಣವನ್ನು, ಈ ಸಲ ನಿಲ್ಲಿಸದೆ, ಹಾಡುತ್ತಲೇ ಇದ್ದಳು.