ಹೊರಟಾಗ ಬಂದ ಸೀನು

ತಮ್ಮ ಶಿವಯೋಗೆಪ್ಪ ಹೊಸ್ತಿಲಾಚೆ ಬಲಗಾಲು ಇಡುತ್ತಿದ್ದಂತೆ ಸಂಗವ್ವ ಸೀನಿದಳು. ನೆಗಡಿಯೇನೂ ಇರಲಿಲ್ಲ, ಬೇಕೆಂದೇ ಸೀನಿದಳು.

"ಒಂಟಿ ಸೀನು! ಒಳಗ ಬಾರೋ, ಕುಂತು ನೀರ ಕುಡದು ಹೋಗು," ಎಂದಳು ಅಜ್ಜಿ. ಸಾಂಗ್ಲಿಯ ಲಾ ಕಾಲೇಜಿಗೆ ಅರ್ಜಿ ಕೊಡಲು ಅಂದೇ ಕಡೆಯ ದಿನ. ಮುಚ್ಚಂಡಿಯಿಂದ ಬೆಳಗ್ಗೆ ಹೋಗುವುದು ಒಂದೇ ಬಸ್ಸು. ಅದಾಗಲೇ ಮನೆಯೆದುರು ಬಂದು ಗುರುಗುಡುತ್ತಿತ್ತು. ಬಿ.ಎ.ದಲ್ಲಿ ಅವನದು ಹೇಗೋ ಪಾಸು, ಸಂಗವ್ವನದು ಸೆಕೆಂಡ್ ಕ್ಲಾಸು. ಆದರೂ ಹೋದ ವರ್ಷ ಅವಳು ಲಾ ಓದುವ ಮಾತೆತ್ತಿದಾಗ ಅಪ್ಪ ನಕ್ಕುಬಿಟ್ಟಿದ್ದ: "ನೀ ಕರೀ ಕೋಟ್ ಹಾಕ್ಕೊಂಡ್ರ ನೋಡಾಕ ಯಾವ ಬೀಗರು ಬರ್ತಾರವ್ವಾ?"

ತಮ್ಮ ಮರಳಿ ಬಂದು ಕುಳಿತ. ನೀರು ತರಲು ಹೋದ ಸಂಗವ್ವ ತಂಬಿಗೆಯನ್ನು ತೊಳೆದದ್ದನ್ನೇ ತೊಳೆದಳು. ಹೊರಗೆ ಹಾರ್ನ್ ಕೂಗಿತು. ಹೋಗಲಿ, ಬಸ್ಸು ಹೊರಟೇ ಹೋಗಲಿ ಎಂದುಕೊಂಡಳು. ಅಷ್ಟರಲ್ಲಿ ಕಂಡಕ್ಟರನೇ ಬಾಗಿಲಲ್ಲಿ ಇಣುಕಿದ.

"ಯಾಕ್ರಿ, ಬರೂದಿಲ್ಲೇನು?"

"ಹೊಂಟಾಗ ಸೀನಾತಪಾ," ಎಂದಳು ಅಜ್ಜಿ.

"ಹಂಗಾರ ಕುಂದರ್ಲಿ ಬಿಡ್ರಿ. ಸಾವಕಾಶ ಕುಡೀರಿ ವಕೀಲ್ ಸಾಹೇಬ್ರ, ಬಸ್ ನಿಲ್ಲತೈತಿ! ನಾಳಿ ನಮ್ಮ ಹೊಲದ ಖಟ್ಲೆ ನೀವ ನೋಡಾವ್ರು."

ಬಸ್ಸಿನಲ್ಲಿ ಒಬ್ಬರೂ ಗೊಣಗಲಿಲ್ಲ. ಇನ್ನೂ ಅರ್ಜಿಯನ್ನೇ ಕೊಡದ ವಕೀಲನಿಗಾಗಿ ಊರೆಲ್ಲ ಸುಮ್ಮನೆ ಕಾಯುತ್ತಿತ್ತು.

"ಲಗೂನ ತಾರೇ ಸಂಗಿ, ಮಂದಿ ಕಾಯಾಕತ್ತಾರ," ಎಂದ ಅಪ್ಪ. ಸಂಗವ್ವ ತುಂಬಿದ ತಂಬಿಗೆಯನ್ನು ಕೈಯಾರೆ ತಂದು ತಮ್ಮನ ಮುಂದಿಟ್ಟಳು.