ಮುಚ್ಚಳಕ್ಕೆ ಒತ್ತಿದ ಮೊಣಕಾಲು

ಕಾರಿನ ಹಿಂದಿನ ದೀಪಕ್ಕೆ ಹೊಸ ಬಲ್ಬು ಆರು ಡಾಲರ್. ಮುಂದಿನ ಸೀಟಿನೆದುರಿನ ಖಾನೆಗೆ ಹೊಸ ಚಿಲಕ ನಲವತ್ತು. ಎರಡನ್ನೂ ರೊಸ್ಕೋ ಮುಂದಿನ ತಿಂಗಳಿಗೆ ತಳ್ಳಿದ್ದ. ಪಿಸ್ತೂಲಿನ ನಾನೂರ ಇಪ್ಪತ್ತು, ಅದರ ಪರವಾನಗಿಯ ಎಪ್ಪತ್ತೈದು ಮಾತ್ರ ತಡಮಾಡದೆ ತೆತ್ತಿದ್ದ; ಅವನ ಕ್ಷೌರದಂಗಡಿಗೆ ಒಂದೇ ವರ್ಷದಲ್ಲಿ ಎರಡು ಸಲ ದರೋಡೆಕೋರರು ನುಗ್ಗಿದ್ದರು. ಭಾನುವಾರ ಮಧ್ಯಾಹ್ನ ಚರ್ಚಿನ ಊಟ ಮುಗಿಸಿ ಅವನು, ಹೆಂಡತಿ, ಅತ್ತೆ ಮೂವರೂ ಮನೆಗೆ ಹೊರಟಿದ್ದಾಗ ಹಿಂದಿನಿಂದ ಪೊಲೀಸ್ ಕಾರಿನ ನೀಲಿ ದೀಪ ಮಿನುಗಿತು.

"ಆಲೂಗಡ್ಡೆ ಸಲಾಡಿಗೆ ಒಣದ್ರಾಕ್ಷಿ ಹಾಕ್ತಾಳಲ್ಲ ಆ ಹ್ಯಾಟಿ, ಅವಳನ್ನ ದೇವರೇ ಕ್ಷಮಿಸ್ಬೇಕು" ಎನ್ನುತ್ತಿದ್ದ ಅತ್ತೆ ಅರ್ನೆಸ್ಟೀನ್ ಹಿಂದಿನ ಸೀಟಿನಲ್ಲಿ ಥಟ್ಟನೆ ಸುಮ್ಮನಾದಳು. ರೊಸ್ಕೋ ಕಾರನ್ನು ಬದಿಗೆ ನಿಲ್ಲಿಸಿದ. ಕಿಟಕಿಗಳನ್ನೆಲ್ಲ ಇಳಿಸಿ, ಎಂಜಿನ್ ಆರಿಸಿ, ಎರಡೂ ಕೈಗಳನ್ನು ಬೆರಳು ಬಿಡಿಸಿ ಸ್ಟಿಯರಿಂಗಿನ ಮೇಲಿಟ್ಟ. ಜಾರ್ಜಿಯಾದ ನಮ್ಮ ಕರಿಯರ ಮನೆಗಳಲ್ಲಿ ಗಂಡುಮಕ್ಕಳಿಗೆ ಕಾರು ಓಡಿಸಲು ಕಲಿಸುವ ಮೊದಲೇ ಹೀಗೆ ನಿಲ್ಲಿಸುವುದನ್ನು ಕಲಿಸುತ್ತಾರೆ.

"ಗಾಡಿ ಕಾಗದ ಎಲ್ಲಿದೆ?" ಹೆಂಡತಿ ಕ್ಲೋಡೆಟ್ ಪಿಸುಗುಟ್ಟಿದಳು.

"ನಿನ್ನ ಮುಂದೇನೇ. ಖಾನೇಲಿ."

ಹೇಳಿದ ಮೇಲೆ ಇಬ್ಬರಿಗೂ ನೆನಪಾಯಿತು. ಅವರ ಪಾದ್ರಿ ಚರ್ಚಿನೊಳಗೆ ಆಯುಧ ಬಿಡುವುದಿಲ್ಲ. ಬೆಳಿಗ್ಗೆ ಒಳಗೆ ಹೋಗುವ ಮುನ್ನ ರೊಸ್ಕೋ ಸೊಂಟದ ಪಿಸ್ತೂಲು ತೆಗೆದು ಆ ಖಾನೆಯಲ್ಲಿ, ಕಾಗದಗಳ ಮೇಲೆಯೇ ಇಟ್ಟಿದ್ದ. ಮುಚ್ಚಳ ತೆರೆಯದಿರಲೆಂದು ಸಂದಿಗೆ ಸಿಕ್ಕಿಸಿದ್ದ ರಟ್ಟಿನ ತುಂಡು ಈಗ ಬ್ರೇಕು ಒತ್ತಿದಾಗ ಉದುರಿ ಹೋಗಿತ್ತು. ಮುಚ್ಚಳ ಮೆಲ್ಲಗೆ ಬಾಯಿ ಬಿಡತೊಡಗಿತು. ಕ್ಲೋಡೆಟ್ ಮೊಣಕಾಲನ್ನು ಅದಕ್ಕೆ ಒತ್ತಿ ಹಿಡಿದಳು.

"ಪಿಸ್ತೂಲಿದೆ ಅಂತ ಮೊದಲೇ ಹೇಳ್ಬಿಡು ಪೊಲೀಸಿಗೆ," ಅಂದಳು. "ಪಿಸ್ತೂಲಿನ ತರಗತೀಲಿ ಮೇಷ್ಟ್ರು ಅದನ್ನೇ ತಾನೆ ಹೇಳಿಕೊಟ್ಟಿದ್ದು?"

"ಆ ಮೇಷ್ಟ್ರು ಬಿಳಿಯ," ಎಂದಳು ಅರ್ನೆಸ್ಟೀನ್. "ಅವನು ಹೇಳಿದ್ರೆ ಪೊಲೀಸಿಗೆ ಪರವಾನಗಿ ಅನ್ನೋದು ಕೇಳ್ಸತ್ತೆ. ನಿನ್ನ ಗಂಡ ಹೇಳಿದ್ರೆ ಪಿಸ್ತೂಲು ಅನ್ನೋದಷ್ಟೇ ಕೇಳ್ಸತ್ತೆ."

"ಹೇಳ್ದೆ ಸುಮ್ನಿದ್ದು, ಅದು ಬಿದ್ರೆ ಅಮ್ಮಾ?"

ಮುದುಕಿ ಮಡಿಲಲ್ಲಿದ್ದ ಸಲಾಡಿನ ಡಬ್ಬಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ಪೊಲೀಸಿನವನು ಕಿಟಕಿಯ ಹತ್ತಿರ ಬಂದ. ಇಪ್ಪತ್ತೈದು ದಾಟಿರದ ಬಿಳಿ ಹುಡುಗ. ಗಲ್ಲದಲ್ಲಿ ಬ್ಲೇಡು ತಾಗಿದ ಗಾಯ. ಕೈ ಸ್ಥಿರವಿಲ್ಲದವನು ಎಂದು ರೊಸ್ಕೋನ ಕಸುಬಿನ ಕಣ್ಣು ಹೇಳಿತು.

"ಹಿಂದಿನ ದೀಪ ಉರೀತಿಲ್ಲ. ಲೈಸೆನ್ಸು, ಗಾಡಿ ಕಾಗದ ಕೊಡಿ."

"ಕೊಡ್ತೀನಿ ಸರ್. ಕೈ ಎತ್ತೋಕೆ ಮುಂಚೆ ಒಂದು ಮಾತು. ಕಾಗದ ಇರೋ ಖಾನೇಲಿ ನನ್ನ ಪಿಸ್ತೂಲೂ ಇದೆ. ಪರವಾನಗಿ..."

ಹುಡುಗ ಎರಡು ಹೆಜ್ಜೆ ಹಿಂದೆ ಹಾರಿದ್ದ. ಅವನ ಪಿಸ್ತೂಲು ಆಗಲೇ ಕೈಗೆ ಬಂದಿತ್ತು.

"ಅಲ್ಲಾಡ್ಬೇಡ! ಕೈ ತೋರ್ಸು!"

"ಇಲ್ಲೇ ಇದೆ ಸರ್, ಕೈ."

"ಇಳಿ ಕೆಳಗೆ! ಏಯ್, ಅಲ್ಲಾಡ್ಬೇಡ ಅಂದೆ! ಇಳಿಯೋ!"

ಇಳಿಯಬೇಕಾದರೆ ಬೆಲ್ಟು ಬಿಚ್ಚಬೇಕು. ಬೆಲ್ಟಿನ ಗುಂಡಿ ಇರುವುದು ಸೊಂಟದ ಪಕ್ಕದಲ್ಲಿ. ರೊಸ್ಕೋ ಕೈ ಕದಲಿಸಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ. ಬೆವರು ಹುಬ್ಬು ದಾಟಿ ಕಣ್ಣಿಗಿಳಿದರೂ ರೆಪ್ಪೆ ಬಡಿಯಲು ಹೆದರಿದ. ಕಿಟಕಿಯಾಚೆ ನಳಿಗೆಯ ತುದಿ ನಡುಗುತ್ತಿತ್ತು. ಹುಡುಗನಿಗೂ ಹೆದರಿಕೆ, ಮತ್ತು ಹೆದರಿದವನ ಬೆರಳು ಯಾರ ಮಾತನ್ನೂ ಕೇಳುವುದಿಲ್ಲ. ಅಷ್ಟರಲ್ಲಿ ಕ್ಲೋಡೆಟ್‌ಳ ತೊಡೆಗೆ ಸೆಳೆತ ಹಿಡಿಯಿತು. ಮೊಣಕಾಲು ಅದುರಿ ಮುಚ್ಚಳ ಟಕಟಕ ಎಂದಿತು. ನಳಿಗೆ ಸದ್ದು ಬಂದ ಕಡೆಗೆ ತಿರುಗಿತು.

"ಸರ್!"

ಅರ್ನೆಸ್ಟೀನ್ ಕೂಗಿದ್ದಳು. ಆಮೇಲೆ ದನಿ ತಗ್ಗಿಸಿ, ರಚ್ಚೆ ಹಿಡಿದ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳುತ್ತ ಹೋದಳು.

"ನಾನು ಸರ್, ಹಿಂದಿನ ಸೀಟಿನ ಮುದುಕಿ. ನನ್ನ ಕೈಲಿರೋದು ಸಲಾಡಿನ ಡಬ್ಬಿ, ನೋಡಿ ಸರ್. ನಮ್ಮ ಅಳಿಯ ಒಂದ್ಸಲಕ್ಕೆ ಒಂದೇ ಕೆಲ್ಸ ಮಾಡ್ಬಲ್ಲ ಸರ್. ಕೂರ್ಬೇಕಾ, ಇಳೀಬೇಕಾ, ನೀವೇ ಅಪ್ಪಣೆ ಕೊಡಿ. ನನ್ನ ಮಗಳು ಕಾಲು ತೆಗೆಯೋ ಹಾಗಿಲ್ಲ ಸರ್. ಚಿಲಕ ಮುರಿದಿದೆ, ತೆಗೆದ್ರೆ ಅದು ಬೀಳತ್ತೆ. ನೀವೇ ಆ ಕಡೆಯಿಂದ ಬಂದು ತಗೊಳ್ಳಿ ಸರ್. ಅಲ್ಲೀವರೆಗೂ ನಾವು ಗೊಂಬೆ ಥರ ಇರ್ತೀವಿ ಸರ್."

ಒಂದು ಲಾರಿ ಹಾದುಹೋಯಿತು, ಇನ್ನೊಂದು ಹಾದುಹೋಯಿತು.

"ಕೂತಿರಿ," ಎಂದ ಹುಡುಗ ಕೊನೆಗೆ. "ಎಲ್ಲರೂ ಹಾಗೇ ಕೂತಿರಿ."

ಅವನು ಸುತ್ತಿಕೊಂಡು ಬಂದು, ಬಾಗಿಲು ತೆಗೆದು, ಮುಚ್ಚಳಕ್ಕೆ ಕೈ ಕೊಟ್ಟು ಪಿಸ್ತೂಲು ತೆಗೆದುಕೊಂಡ. ಗುಂಡುಗಳನ್ನು ಬಿಡಿಸಿದ. ತನ್ನ ಕಾರಿನಲ್ಲಿ ಕೂತು ಕಾಗದಗಳನ್ನೆಲ್ಲ ಪರಿಶೀಲಿಸಿ, ಹದಿನೈದು ನಿಮಿಷದ ಮೇಲೆ ಎಲ್ಲವನ್ನೂ ಹಿಂದಿರುಗಿಸಿದ. ದಂಡ ಹಾಕಲಿಲ್ಲ. "ದೀಪ ಸರಿ ಮಾಡಿಸ್ಕೊಳ್ಳಿ. ಹುಷಾರಾಗಿ ಹೋಗಿ," ಎಂದ.

ಕಾರು ಎರಡು ಮೈಲಿ ದಾಟಿತು. ರೊಸ್ಕೋ ಕನ್ನಡಿಯಲ್ಲಿ ಹಿಂದಿನ ಸೀಟಿನತ್ತ ನೋಡಿದ. "ಅತ್ತೆ, ಇವತ್ತು ನೀವಿಲ್ದಿದ್ರೆ..."

"ಎಷ್ಟು ಸಲ ಅಂದೆ?" ಅರ್ನೆಸ್ಟೀನ್ ಕೇಳಿದಳು.

"ಏನನ್ನ?"

"ಸರ್ ಅಂತ. ಆ ಹುಡುಗನಿಗೆ."

ಯಾರೂ ಲೆಕ್ಕ ಇಟ್ಟಿರಲಿಲ್ಲ. ಅವಳ ಚಿಕ್ಕಂದಿನಲ್ಲಿ ಬಿಳಿಯರ ಮನೆಯ ಮೀಸೆ ಮೂಡದ ಪೋರನನ್ನೂ ಹಾಗೆಯೇ ಕರೆಯಬೇಕಿತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ, ಮೊದಲ ಸಲ ಮತ ಹಾಕಿ ಬಂದ ದಿನ, ಇನ್ನು ಯಾವ ಬಿಳಿಯನನ್ನೂ ಹಾಗೆ ಕರೆಯುವುದಿಲ್ಲವೆಂದು ತಾಯಿಯೆದುರು ಆಣೆ ಇಟ್ಟಿದ್ದಳು. ಅದಕ್ಕಾಗಿ ಎರಡು ಕಡೆ ಕೆಲಸ ಹೋಗಿತ್ತು; ಆದರೂ ಆಣೆ ಮುರಿದಿರಲಿಲ್ಲ.

ಮೂವರೂ ಜೀವಂತವಾಗಿ ಮನೆ ಮುಟ್ಟಿದರು. ಅರ್ನೆಸ್ಟೀನಳ ಐವತ್ತೆಂಟು ವರ್ಷದ ಆಣೆ ಹೋಯಿತು.